ಮಹಿಷಮಂಡಲವೂ ಅಶೋಕಪುರವೂ

ಮೈಸೂರಿನ ದಸರೆಯು ದೇಶವಿದೇಶಗಳ ಪ್ರೇಕ್ಷಕರನ್ನು ಸೆಳೆಯುವ ನಾಡಹಬ್ಬವೆಂದು ಪ್ರಸಿದ್ಧವಾಗಿರುವುದಷ್ಟೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ತೊಡಗಿದ ಈ ಉತ್ಸವವು ಅರಸೊತ್ತಿಗೆಯು ಮುಗಿದ ಬಳಿಕ ಸರ್ಕಾರದ ಕೈಗೆ ಬಂದಿತು. ಆಗಿನಿಂದ ಉತ್ಸವದ ಯಜಮಾನನೂ ಪ್ರಜೆಗಳ ಹಕ್ಕಿಗೆ ಹೊಣೆಗಾರನೂ ಒಬ್ಬನೇ ಆಗಿದ್ದಾನೆ. ಈ ಇಬ್ಬಗೆಯ ಕರ್ತವ್ಯದ ತೊಡಕು ತೋರಿಬಂದುದು ಮಹಿಷ ದಸರೆಯ ಪ್ರಸಂಗದಲ್ಲಿ.

ದಸರೆಯ ಮೂಲಕಥೆಯಾದ ಮಹಿಷಾಸುರವಧೆಯು ಮಾರ್ಕಂಡೇಯಪುರಾಣದ ದೇವೀಮಾಹಾತ್ಮ್ಯದಲ್ಲಿ ಬಂದಿದೆ. ಮಹಿಷನು ಅಸುರನಲ್ಲ, ಈ ನಾಡನ್ನಾಳಿದ ಬೌದ್ಧ ದೊರೆಯೆಂಬುದು ಮೈಸೂರಿನ ಕೆಲವು ದಲಿತ ಹಾಗೂ ಪ್ರಗತಿಪರ ಸಂಘದವರ ಪಕ್ಷ. ನವರಾತ್ರಿಗೆ ಮುಂಚೆ ಚಾಮುಂಡಿಬೆಟ್ಟದ ಮೇಲಣ ಮಹಿಷನ ವಿಗ್ರಹಕ್ಕೆ ಹೂವೇರಿಸುವ ರೂಢಿಯನ್ನು ಅವರು ತಂದರು. 2019ರಲ್ಲಿ ಬೆಟ್ಟದ ಮೇಲೆ ಇದಕ್ಕೆ ತಡೆಯುಂಟಾಗಲು, ಸೇರಿದವರು ಅಶೋಕಪುರದಲ್ಲಿ ಆಚರಣೆಯನ್ನು ನಡೆಸಿದರು. ದಲಿತ ಕುಟುಂಬಗಳು ಬಹುಕಾಲದಿಂದ ನೆಲೆಸಿರುವ ಬಡಾವಣೆಯದು. ಊರಿನ ಹಬ್ಬಕ್ಕೆ ಒಪ್ಪದ ಮಾತು ಊರ ನಡುವೆ ನಿಲ್ಲಲಾರದೆ ಕೇರಿಗೇ ಮರಳಿತು.

ಈ ಪಕ್ಷಕ್ಕೆ ಚರಿತ್ರೆಯ ಆಧಾರವೆಷ್ಟು? ಅಶೋಕನ ಕಾಲದಲ್ಲಿ ಮಹಾದೇವನೆಂಬ ಸ್ಥವಿರನನ್ನು ಮಹಿಷಮಂಡಲಕ್ಕೆ ಧರ್ಮಪ್ರಚಾರಾರ್ಥವಾಗಿ ಕಳುಹಿಸಿದರೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ರೈಸರು ಅದನ್ನು ಮೈಸೂರು ಸೀಮೆಯೆಂದರು. ಫ್ಲೀಟರು ನರ್ಮದಾತೀರದ ಮಾಂಧಾತವೆಂದರು. ರೈಸರೇ 1892ರಲ್ಲಿ ಬ್ರಹ್ಮಗಿರಿಯ ಪ್ರಾಂತದಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದುದರಿಂದ, ಮೌರ್ಯರ ಆಜ್ಞೆಯು ಕನ್ನಡನಾಡಿನೊಳಗೆ ಸಲ್ಲುತ್ತಿದ್ದುದು ನಿರ್ವಿವಾದವಾಯಿತು. ಆದರೆ ಮಹಾವಂಸವು ಹೆಸರಿಸುವುದು ದೇಶವನ್ನು, ದೊರೆಯನ್ನಲ್ಲ. ಮಹಿಷನೆಂಬ ಬೌದ್ಧ ಅರಸನಿಗೆ ಈ ವಾಕ್ಯವೊಂದೇ ಪ್ರಮಾಣವಾಗಲಾರದು. ಅಸುರವಧೆಯ ಕಥೆಗೂ ಶಾಸನಪ್ರಮಾಣವಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಪುರಾಣಕ್ಕೆ ಅದು ಬೇಕಾಗಿಯೂ ಇಲ್ಲ.

ಪ್ರಮಾಣದ ಪ್ರಶ್ನೆ ಬೇರೆ, ಹಕ್ಕಿನ ಪ್ರಶ್ನೆ ಬೇರೆ. ಸಂವಿಧಾನದ 19ನೆಯ ವಿಧಿಯು ಮಾತನಾಡುವ, ಶಾಂತವಾಗಿ ಸಭೆಸೇರುವ ಸ್ವಾತಂತ್ರ್ಯವನ್ನು ಕೊಡುವಾಗ ಆಡುವ ಮಾತು ಸಿದ್ಧಾಂತವಾಗಿರಬೇಕೆಂದು ವಿಧಿಸಿಲ್ಲ. ಶಾಂತಿಪಾಲನೆಗಾಗಿ ನ್ಯಾಯವಾದ ನಿರ್ಬಂಧವನ್ನು ಹೇರಬಹುದೆಂಬುದೂ ಅಲ್ಲಿಯೇ ಇದೆ. ಬೆಟ್ಟವು ಭಕ್ತರ ಕ್ಷೇತ್ರವಾದುದರಿಂದ ಅಧಿಕಾರಿಗಳ ಅಂಜಿಕೆ ತೀರ ನಿರಾಧಾರವೆನ್ನಲಾಗದು. ಆದರೆ ವಿರೋಧಿಗಳ ಕೋಪವೇ ನಿರ್ಬಂಧಕ್ಕೆ ಕಾರಣವಾದರೆ, ಹೆಚ್ಚು ಗದ್ದಲಮಾಡುವವನ ಕೈಯಲ್ಲಿ ಮಿಕ್ಕವರ ಸ್ವಾತಂತ್ರ್ಯವನ್ನು ಇಟ್ಟಂತಾಗುತ್ತದೆ.

ಹೊರಗಿನ ಅತಿಥಿಗಳೆದುರು ಮನೆಯ ಭಿನ್ನಮತವನ್ನು ಮರೆಗೆ ಸರಿಸುವುದು ಮೈಸೂರಿಗೆ ಮಾತ್ರ ಸೇರಿದುದಲ್ಲ. 2008ರ ಒಲಿಂಪಿಕ್ ಕ್ರೀಡೆಗಳ ಕಾಲದಲ್ಲಿ ಬೀಜಿಂಗಿನ ಅಧಿಕಾರಿಗಳು ಪ್ರತಿಭಟನೆಗೆಂದು ಮೂರು ಉದ್ಯಾನಗಳನ್ನು ಗೊತ್ತುಮಾಡಿದರು. 77 ಅರ್ಜಿಗಳು ಬಂದುವು. ಒಂದಕ್ಕೂ ಅನುಮತಿ ದೊರೆಯಲಿಲ್ಲ. ಅರ್ಜಿ ಕೊಟ್ಟ ಇಬ್ಬರು ವೃದ್ಧೆಯರಿಗೆ ಶ್ರಮಶಿಕ್ಷೆಯ ಆಜ್ಞೆಯಾಯಿತು. ಮೈಸೂರಿನ ಸಂಗತಿಯನ್ನು ಇದಕ್ಕೆ ಸಮವೆನ್ನುವುದು ಅನ್ಯಾಯ. ಸ್ಥಳವನ್ನು ಬದಲಿಸಿದರೆ ಮಾತಿನ ಅರ್ಥವೂ ಬದಲಾದೀತೆಂಬ ಎಣಿಕೆ ಮಾತ್ರ ಎರಡೆಡೆಯಲ್ಲಿಯೂ ಕಾಣುತ್ತದೆ.

ಮೈಸೂರಿನ ದಸರೆಗಾದರೋ ಅಹವಾಲನ್ನು ಕೇಳುವ ಪೂರ್ವಪದ್ಧತಿಯೊಂದು ಇದ್ದಿತು. ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿಸಭೆಯನ್ನು ಮೊದಲು ಕೂಡಿಸಿದುದು 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿಯೇ. ಬಂದಿದ್ದ 144 ಮಂದಿ ಭೂಮಾಲೀಕರು, ವರ್ತಕರು ಮೊದಲಾದವರು. ಕೇರಿಯವರಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಹಬ್ಬಕ್ಕೆ ಬಂದ ಪ್ರಜೆ ಕುಂದುಕೊರತೆಯನ್ನು ಹೇಳಿಕೊಂಡರೆ ಹಬ್ಬಕ್ಕೆ ಮೈಲಿಗೆಯಾಗುವುದೆಂದು ರಂಗಾಚಾರ್ಲು ಅವರು ಎಣಿಸಲಿಲ್ಲ.

2023ರಲ್ಲಿ ಮಹಿಷ ದಸರೆಯವರೂ ಅವರ ವಿರೋಧಿಗಳೂ ಬೆಟ್ಟಕ್ಕೆ ಕರೆಕೊಟ್ಟಾಗ ಪೊಲೀಸರು ಎರಡನ್ನೂ ತಡೆದರು. ಅಕ್ಟೋಬರ್ 13ರಂದು ಮಹಿಷ ದಸರೆಯ ಸಭೆಯು ನಡೆದುದು ನಗರದ ಪುರಭವನದಲ್ಲಿ. 1884ರಲ್ಲಿ ಕಟ್ಟಿದ ಆ ಭವನವು ರಂಗಾಚಾರ್ಲು ಅವರ ಸ್ಮಾರಕ.