ಜಂಗ್ಲಿ ಸಾಹೇಬ ಮತ್ತು ಧಾರವಾಡದ ಬಾಳೂ

ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇಲ್ಲಿಯ ಗೆಳೆಯರು "ನಿಮ್ಮೂರಿನ ಕ್ರಿಕೆಟಿಗ ಯಾರಪ್ಪಾ?" ಅಂತ ಕೇಳಿದರೆ ಸುನಿಲ್ ಜೋಶಿ ಅನ್ನುತ್ತಿದ್ದೆ. ಅವರು ಗದಗಿನವರು ಅನ್ನೋದನ್ನ ಮೆಲ್ಲಗೆ ನುಂಗಿಬಿಡ್ತಿದ್ದೆ! ನಿಜವಾದ ಉತ್ತರ ಇದೇ ಪುಣೆಯಲ್ಲಿತ್ತು. ಅದು ಸಿಕ್ಕಿದ್ದು ಮಾತ್ರ ಒಂದು ಇಂಗ್ಲಿಷ್ ಶಾಲೆಯ ದಾರಿಯಲ್ಲಿ.

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಡೌನ್‌ಸೈಡ್ ಅಂತ ಒಂದು ಬೋರ್ಡಿಂಗ್ ಶಾಲೆ. ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿದ್ದು. ಹದಿನೇಳನೇ ಶತಮಾನದ ಆರಂಭದಲ್ಲಿ, ಈಗ ಫ್ರಾನ್ಸಿನಲ್ಲಿರುವ ದುವೇ ಊರಿನಲ್ಲಿ ಹುಟ್ಟಿ, 1814ರಲ್ಲಿ ಡೌನ್‌ಸೈಡ್‌ಗೆ ಬಂತು. ಇಂಗ್ಲೆಂಡಿಗೆ ಕ್ರಿಕೆಟ್, ವೇಲ್ಸ್‌ಗೆ ರಗ್ಬಿ ಆಡಿ, 1944ರಲ್ಲಿ ನಾರ್ಮಂಡಿ ಯುದ್ಧದಲ್ಲಿ ಸತ್ತ ಮಾರಿಸ್ ಟರ್ನ್‌ಬುಲ್ ಅಲ್ಲಿಯ ಹುಡುಗ. ಅವನಿಗಿಂತ ಹಳಬ ಜಾನ್ ಗ್ಲೆನಿ ಗ್ರೆಗ್. 1871ರಲ್ಲಿ ನಮ್ಮ ದೇಶದ ಮಹೂನಲ್ಲಿ ಹುಟ್ಟಿದವನು. ಡೌನ್‌ಸೈಡ್‌ನಲ್ಲಿ ಓದಿ ಸೈನ್ಯ ಸೇರಿ ಪುಣೆಗೆ ಬಂದ. ಹ್ಯಾಂಪ್‌ಶೈರ್‌ಗೂ ಆಡಿದ, ಕೊನೆಗೆ ಕೆಥೊಲಿಕ್ ಪಾದ್ರಿಯೂ ಆದ. 'ಜಾನ್ ಗ್ಲೆನಿ' ನಮ್ಮವರ ಬಾಯಲ್ಲಿ 'ಜಂಗ್ಲಿ' ಆಗಿ, ಅದೇ ಅವನ ಅಡ್ಡಹೆಸರಾಯ್ತು.

ಈ ಜಂಗ್ಲಿ ಸಾಹೇಬ ಆಗ ಭಾರತದಲ್ಲಿದ್ದ ಅತ್ಯುತ್ತಮ ಬ್ಯಾಟ್ಸ್‌ಮನ್‌ಗಳಲ್ಲೊಬ್ಬ. ಅವನಿಗೆ ದಿನಾ ಪ್ರಾಕ್ಟೀಸ್ ಬೇಕು. ಬೌಲಿಂಗ್ ಮಾಡೋರು ಯಾರು? ಪುಣೆಯ ಬ್ರಿಟಿಷ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು, ನೆಟ್ ಕಟ್ಟುತ್ತಿದ್ದ ಒಬ್ಬ ಹುಡುಗ. ಹೆಸರು ಬಾಳೂ ಪಾಲವಣಕರ. ಹುಟ್ಟಿದ್ದು 1876ರಲ್ಲಿ, ಎಲ್ಲಿ ಗೊತ್ತೇ? ಧಾರವಾಡದಲ್ಲಿ!

ಎಡಗೈ ಸ್ಪಿನ್. ಗ್ರೆಗ್ ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಅನ್ನೋ ಮಾತಿದೆ. ಆದರೆ ಗಂಟೆಗಟ್ಟಲೆ ಬೌಲ್ ಮಾಡಿದ ಹುಡುಗನ ಕೈಗೆ ಅಲ್ಲಿ ಯಾರೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳದು, ಬೆವರು ಆಳಿನದು.

ಹಾಗಂತ ಎಲ್ಲ ತಪ್ಪನ್ನೂ ಇಂಗ್ಲಿಷರ ತಲೆಗೆ ಕಟ್ಟಬೇಡಿ. ಬಾಳೂ ಚಮ್ಮಾರ ಜಾತಿಯವನು. ಪುಣೆಯ ಹಿಂದೂ ತಂಡಕ್ಕೆ ಗೆಲ್ಲೋಕೆ ಅವನ ಬೌಲಿಂಗ್ ಬೇಕು, ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಜಾಗ. ಚೆಂಡು ಮುಟ್ಟಿದರೆ ಮೈಲಿಗೆ ಇಲ್ಲ, ಕಪ್ಪು ಮುಟ್ಟಿದರೆ ಉಂಟು! ಮುಂದೆ ಮುಂಬೈಗೆ ಹೋಗಿ ಆಡಿದ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿದಾಗ ಬಾಳೂ ಮತ್ತು ಅವನ ತಮ್ಮ ಶಿವರಾಮ ಇಬ್ಬರೂ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಒಟ್ಟು 114 ವಿಕೆಟ್ ಕಿತ್ತ. ಆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಬರಲಿಲ್ಲ. 1923ರಲ್ಲಿ ಇನ್ನೊಬ್ಬ ತಮ್ಮ ವಿಠ್ಠಲನಿಗೆ ಬಂತು.

1932ರಲ್ಲಿ ಇದೇ ಪುಣೆಯ ಯೆರವಡಾದಲ್ಲಿ ಆದ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಒಬ್ಬ. ಪಿಚ್ ಗುಡಿಸಿದ ಊರಲ್ಲೇ ಅಂಬೇಡ್ಕರರ ಜೊತೆ ಸಹಿ! 1937ರ ಚುನಾವಣೆಯಲ್ಲಿ ಅದೇ ಅಂಬೇಡ್ಕರರ ಎದುರು ನಿಂತು ಸೋತದ್ದೂ ಉಂಟು.

ಈಗ ನನ್ನೊಳಗಿನ ಧಾರವಾಡದವನು 'ಬಾಳೂ ನಮ್ಮವನು' ಅಂತ ಎದೆಯುಬ್ಬಿಸೋಕೆ ಹೊರಟ. ಆಮೇಲೆ ನಾಚಿಕೆಯಾಯ್ತು. ಅವನ ಮನೆತನದ ಹೆಸರು ಕೊಂಕಣದ ಹಳ್ಳಿಯದು. ಅವನು ಗೆದ್ದಾಗ ನಮ್ಮವನು ಅನ್ನೋದು ಸುಲಭ. ಆ ಕಾಲದಲ್ಲಿ ನಮ್ಮೂರ ಮನೆಗಳಲ್ಲಿ ಅವನಿಗೆ ಒಳಗೆ ಕೂರಿಸಿ ಚಹಾ ಕೊಡುತ್ತಿದ್ದರೇ? ನಮ್ಮ ಮನೆಯ ಹಿರಿಯರನ್ನು ನೆನೆದರೆ ಹೌದು ಅನ್ನೋ ಧೈರ್ಯ ನನಗಿಲ್ಲ.

ಗ್ರೆಗ್‌ನನ್ನು ನೆನೆಯೋಕೆ ಅವನ ಶಾಲೆ ಇದೆ. ಬಾಳೂ ಕಲಿತ ಶಾಲೆ ಅಂದರೆ ಆ ಹುಲ್ಲು, ಆ ನೆಟ್. ಕ್ಯಾಂಪ್ ಕಡೆ ಹೋದಾಗೆಲ್ಲ ಈಗ ಅದು ನೆನಪಾಗುತ್ತೆ. ನೀವೂ ಪುಣೆಯಲ್ಲಿದ್ದರೆ, ಆ ದಾರಿಯಲ್ಲಿ ಒಂದು ನಿಮಿಷ ಸ್ಕೂಟರ್ ನಿಲ್ಲಿಸಿ.