ಪ್ಲಾಸ್ಮಾ ಅಂಚಿನ ಕ್ಷೋಭೆಯ ಮಾಪನ: ಒಂದು ಚಾರಿತ್ರಿಕ ಅವಲೋಕನ

ಹೈಡ್ರೋಜನ್ನಿನ ಐಸೋಟೋಪುಗಳ ಬೀಜಗಳನ್ನು ಸಮ್ಮಿಲನಗೊಳಿಸಿ ಶಕ್ತಿ ಪಡೆಯಬೇಕಾದರೆ ಅವುಗಳ ಪ್ಲಾಸ್ಮಾವನ್ನು ಹತ್ತು ಕೋಟಿ ಡಿಗ್ರಿಗೂ ಮೀರಿ ಕಾಯಿಸಿ, ಗೋಡೆಗೆ ತಾಗದಂತೆ ಕಾಂತಕ್ಷೇತ್ರದಲ್ಲಿ ಹಿಡಿದಿಡಬೇಕು. ಉಂಗುರಾಕಾರದ ಟೋಕಮಾಕ್ ಈ ಉದ್ದೇಶದ ಸಾಧನ. ಆದರೆ ಕಣಗಳ ಪರಸ್ಪರ ಘರ್ಷಣೆಯಿಂದ ಆಗಬಹುದಾದ ಸೋರಿಕೆಗಿಂತ ವಾಸ್ತವಿಕ ಸೋರಿಕೆ ಹಲವು ಪಟ್ಟು ಹೆಚ್ಚೆಂದು ಪ್ರಯೋಗಗಳು ತೋರಿಸಿದವು. ಇದಕ್ಕೆ ಕ್ಷೋಭೆಯೇ ಕಾರಣವೆಂಬ ಊಹೆ ಮಾಪನಕ್ಕೆ ಒಳಪಟ್ಟ ಬಗೆ, ಅದರಲ್ಲಿ ಭಾರತೀಯ ಪ್ರಯೋಗವೊಂದರ ಸ್ಥಾನ, ಇವು ಪ್ರಸ್ತುತ ಪ್ರಬಂಧದ ವಿಷಯ.

ಈ ಮಾಪನದ ಮೊದಲ ಉಪಕರಣ ಸಮ್ಮಿಲನ ಸಂಶೋಧನೆಗಿಂತಲೂ ಹಳೆಯದು. 1920ರ ದಶಕದಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ರೂಪಿಸಿದ ಪ್ರೋಬ್ ಮೂಲತಃ ಪ್ಲಾಸ್ಮಾದೊಳಗೆ ಇಳಿಬಿಟ್ಟ ಲೋಹದ ತುದಿ. ಅದಕ್ಕೆ ಸಾಕಷ್ಟು ಋಣ ವಿಭವ ಕೊಟ್ಟಾಗ ಹರಿಯುವ ವಿದ್ಯುತ್ತು ಸಾಂದ್ರತೆಯ ಏರಿಳಿತವನ್ನು ಸೂಚಿಸುತ್ತದೆ; ಹತ್ತಿರದ ಎರಡು ತುದಿಗಳ ವಿಭವಾಂತರ ಅಲ್ಲಿನ ವಿದ್ಯುತ್ ಕ್ಷೇತ್ರವನ್ನು ತಿಳಿಸುತ್ತದೆ. ಇವೆರಡರ ಏರಿಳಿತಗಳು ಜೊತೆಗೂಡಿ ನಡೆದರೆ ಕಣಗಳು ಹೊರಕ್ಕೆ ಸಾಗುತ್ತವೆ. ಒಳಗಿನ ತಾಪದಲ್ಲಿ ಲೋಹ ಕರಗಿಹೋಗುವುದರಿಂದ ಪ್ರೋಬ್ ತಡೆದು ನಿಲ್ಲಬಲ್ಲದ್ದು ಅಂಚಿನಲ್ಲಿ ಮಾತ್ರ. 1980ರ ದಶಕದಲ್ಲಿ ಕ್ಯಾಲ್ಟೆಕ್‌ನ ಪುಟ್ಟ ಟೋಕಮಾಕ್‌ನಲ್ಲಿ ಸ್ಟುವರ್ಟ್ ಜ್ವೆಬೆನ್ ಮೊದಲಾದವರು ಇಂಥ ಅಂಚಿನ ಕ್ಷೋಭೆಯ ರಚನೆಯನ್ನು ಅಧ್ಯಯನ ಮಾಡಿದರು. ಒಳಭಾಗದಲ್ಲಿ ಶೇಕಡಾ ಒಂದರ ಆಸುಪಾಸಿನಲ್ಲಿರುವ ಸಾಂದ್ರತೆಯ ಏರುಪೇರು ಅಂಚಿನಲ್ಲಿ ಹತ್ತಾರು ಶೇಕಡಾ ಮುಟ್ಟುತ್ತದೆ. 1982ರಲ್ಲಿ ಜರ್ಮನಿಯ ಆಸ್‌ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು ಶಕ್ತಿಧಾರಣೆ ಸುಮಾರು ಇಮ್ಮಡಿಯಾಗುವ ಸ್ಥಿತಿಯೊಂದನ್ನು ಕಂಡರು. ಇದರ ಮೂಲವೂ ಅಂಚಿನಲ್ಲೇ ಇದ್ದುದರಿಂದ ಆ ತೆಳುಪದರದ ಮಹತ್ವ ಸ್ಪಷ್ಟವಾಯಿತು.

ಭಾರತದಲ್ಲಿ 1982ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಪ್ಲಾಸ್ಮಾ ಕಾರ್ಯಕ್ರಮ 1986ರಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಾಯಿತು. ಗಾಂಧಿನಗರದ ಈ ಸಂಸ್ಥೆಯಲ್ಲಿ 1989ರಲ್ಲಿ ಕಾರ್ಯಾರಂಭ ಮಾಡಿದ ‘ಆದಿತ್ಯ’ ಟೋಕಮಾಕ್‌ನ ಪ್ರಧಾನ ತ್ರಿಜ್ಯ ಕೇವಲ 75 ಸೆಂಟಿಮೀಟರು. 1992ರಲ್ಲಿ ಆರ್. ಝಾ, ಪಿ.ಕೆ. ಕಾವ್ ಮೊದಲಾದವರು ಅದರ ಪ್ರೋಬ್ ಸಂಕೇತಗಳನ್ನು ವಿಶ್ಲೇಷಿಸಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಸಂಖ್ಯ ಸ್ವತಂತ್ರ ಕಾರಣಗಳು ಕೂಡಿದಾಗ ಏರಿಳಿತಗಳ ಹಂಚಿಕೆ ಘಂಟಾಕಾರದ ವಕ್ರರೇಖೆಯನ್ನು ಅನುಸರಿಸಬೇಕು. ಆದಿತ್ಯದ ಸಂಕೇತಗಳು ಹಾಗಿರಲಿಲ್ಲ. ಅಪರೂಪವಾಗಿರಬೇಕಾಗಿದ್ದ ದೊಡ್ಡ ಉಬ್ಬರಗಳು ಮತ್ತೆಮತ್ತೆ, ಆದರೆ ಬಿಟ್ಟುಬಿಟ್ಟು, ಬರುತ್ತಿದ್ದವು. ಹಾಗಾದರೆ ಸೋರಿಕೆ ಸಮನಾದ ಜಿನುಗಲ್ಲ. ಅದರ ಒಂದು ಪಾಲು ಬಿಡಿ ಬಿಡಿ ರಭಸಗಳಾಗಿ ಹೊರಹೋಗುತ್ತದೆ. ಸರಾಸರಿಯನ್ನಷ್ಟೇ ನೆಚ್ಚಿದ ಮಾಪನಕ್ಕೆ ಇದು ಗೋಚರಿಸದು.

2001ರಲ್ಲಿ ಕ್ರಾಶೆನಿನ್ನಿಕೊವ್ ಹೊರಕ್ಕೆ ಚಲಿಸುವ ಪ್ಲಾಸ್ಮಾ ಮುದ್ದೆಗಳಿಗೆ ಸೈದ್ಧಾಂತಿಕ ವಿವರಣೆ ನೀಡಿದರು. ಅಂಚಿಗೆ ಅನಿಲವನ್ನು ಚಿಮ್ಮಿಸಿ, ಅದರ ಹೊಳಪನ್ನು ವೇಗದ ಕ್ಯಾಮರಾದಿಂದ ಹಿಡಿಯುವ ವಿಧಾನ ಅವುಗಳನ್ನು ಕಣ್ಣಿಗೇ ತೋರಿಸಿತು. ಪ್ರಿನ್ಸ್‌ಟನ್ನಿನ ಎನ್‌ಎಸ್‌ಟಿಎಕ್ಸ್ ಯಂತ್ರದಲ್ಲಿ ಸೆಕೆಂಡಿಗೆ 2,50,000 ಚಿತ್ರಗಳ ವೇಗವನ್ನು ಬಳಸಲಾಯಿತು. ಎರಡು ವಿಧಾನಗಳಿಗೂ ಮಿತಿಯುಂಟು. ಪ್ರೋಬ್ ತಾನು ಅಳೆಯುವುದನ್ನೇ ತುಸು ಕದಡುತ್ತದೆ. ಕ್ಯಾಮರಾ ಅನಿಲ ಹೊಳೆದ ಎಡೆಯನ್ನಷ್ಟೇ ಕಾಣುತ್ತದೆ. ಆದುದರಿಂದ ಒಂದರ ಸಾಕ್ಷ್ಯವನ್ನು ಇನ್ನೊಂದರಿಂದ ಪರಿಶೀಲಿಸುವುದು ಅಗತ್ಯ.

ಭವಿಷ್ಯದ ಸಮ್ಮಿಲನ ಯಂತ್ರಗಳ ಗೋಡೆಯ ಆಯುಷ್ಯ ಈ ರಭಸಗಳನ್ನೂ ಅವಲಂಬಿಸಿದೆ. ಗದ್ದಲವೆಂದು ಬದಿಗಿಡಬಹುದಾಗಿದ್ದ ಸಂಕೇತದಲ್ಲಿ ವಿಷಯದ ತಿರುಳನ್ನು ಗುರುತಿಸಿದವರಲ್ಲಿ ಒಂದು ಚಿಕ್ಕ ಯಂತ್ರದ ಭಾರತೀಯ ತಂಡವೂ ಇತ್ತೆಂಬುದು ಈ ಚರಿತ್ರೆಯಲ್ಲಿ ದಾಖಲಾಗತಕ್ಕ ಸಂಗತಿ.