ನಾಲಿಗೆಯಿಂದ ಮೊಬೈಲಿಗೆ: ಸಕ್ಕರೆ ಅಳೆದ ಕತೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರಿಗೆ ಒಂದು ದೃಶ್ಯ ಚಿರಪರಿಚಿತ. ವ್ಯಾಪಾರಿ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಒಂದನ್ನು ಮುರಿದು ನೋಡುತ್ತಾನೆ. ಬಣ್ಣ ಎಷ್ಟು, ತೇವ ಎಷ್ಟು ಎಂಬುದನ್ನು ಅವನ ಕಣ್ಣು ಮತ್ತು ಬೆರಳುಗಳೇ ಹೇಳಿಬಿಡುತ್ತವೆ. ಆದರೆ ಅದೇ ಕಾಯಿ ಬಣ್ಣದ ಸಾರ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗೆ ಹೋದಾಗ ಕಣ್ಣಂದಾಜು ಸಾಲದು. ಅಲ್ಲಿ ಬಣ್ಣವನ್ನು ಯಂತ್ರದಿಂದ ಅಳೆದು ‘ಆಸ್ಟಾ’ ಎಂಬ ಮಾನದಲ್ಲಿ ಅಂಕಿಯಾಗಿ ಹೇಳುತ್ತಾರೆ.

ಕಣ್ಣಂದಾಜಿನಿಂದ ಅಂಕಿಗೆ ಸಾಗಿದ ಇದೇ ದಾರಿಯನ್ನು ಮನುಷ್ಯನ ಬಹಳ ಹಳೆಯ ಕಾಯಿಲೆಯೊಂದೂ ತುಳಿದು ಬಂದಿದೆ. ಅದು ಸಿಹಿಮೂತ್ರ ರೋಗ. ಈ ಕಡೆಯ ಆಡುಮಾತಿನಲ್ಲಿ ಸಕ್ರಿ ಬ್ಯಾನಿ. ಇಂದು ಹಾವೇರಿ, ರಾಣೆಬೆನ್ನೂರುಗಳ ಔಷಧದ ಅಂಗಡಿಗಳಲ್ಲಿ ಅಂಗೈಯಗಲದ ಸಕ್ಕರೆ ಅಳೆಯುವ ಮೀಟರ್ ಸಿಗುತ್ತದೆ. ಕೆಲವು ಮೀಟರುಗಳು ಅಳೆದ ಅಂಕಿಯನ್ನು ತಾವಾಗಿಯೇ ಮೊಬೈಲಿಗೆ ಕಳಿಸುತ್ತವೆ. ಮೊಬೈಲಿನಲ್ಲಿರುವ ಆ್ಯಪ್ ಅದನ್ನು ದಿನ, ವಾರ, ತಿಂಗಳುಗಳ ಗೆರೆಚಿತ್ರವಾಗಿ ತೋರಿಸುತ್ತದೆ. ಈ ಪುಟ್ಟ ಸಲಕರಣೆ ಇಲ್ಲಿಗೆ ಬಂದು ಮುಟ್ಟಲು ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಕತೆ ಹಿಂದಿದೆ.

ಇರುವೆಗಳೇ ಸಾಕ್ಷಿ

ನಮ್ಮ ಪ್ರಾಚೀನ ವೈದ್ಯರಿಗೆ ಈ ರೋಗ ಗೊತ್ತಿತ್ತು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕ ಸಂಹಿತೆ ರೋಗದ ಮುನ್ಸೂಚನೆಗಳಲ್ಲಿ ಒಂದಾಗಿ ಹೇಳುತ್ತದೆ. ಮಧುಮೇಹ ಎಂಬ ಹೆಸರಿನಲ್ಲೇ ಜೇನಿನ ಸಿಹಿ ಇದೆ. ಸುಶ್ರುತ ಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬರುವ ‘ಸಹಜ’ ಮತ್ತು ತಪ್ಪು ಆಹಾರ ವಿಹಾರಗಳಿಂದ ಬರುವ ‘ಅಪಥ್ಯನಿಮಿತ್ತಜ’ ಎಂದು ಎರಡಾಗಿ ವಿಂಗಡಿಸಿತು. ಬಡ ರೋಗಿಗೆ ಅದು ಹೇಳಿದ ಚಿಕಿತ್ಸೆ ಕುತೂಹಲಕರ: ನೂರು ಯೋಜನ ನಡೆಯಬೇಕು, ಬಾವಿ ತೋಡಬೇಕು, ದನಗಳ ಹಿಂದೆ ತಿರುಗಬೇಕು. ಮೈ ದಂಡಿಸಿದರೆ ಈ ರೋಗ ಹತೋಟಿಗೆ ಬರುತ್ತದೆ ಎಂಬ ಆ ತಿಳಿವಳಿಕೆಯನ್ನು ಇಂದಿನ ವೈದ್ಯರೂ ಅಲ್ಲಗಳೆಯುವುದಿಲ್ಲ.

ಯುರೋಪಿನಲ್ಲಿ 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ ರೋಗಿಯ ಮೂತ್ರ ಸಿಹಿಯಾಗಿರುತ್ತದೆ ಎಂದು ಬರೆದ. ಆಗ ಪರೀಕ್ಷೆಯ ಉಪಕರಣ ನಾಲಿಗೆಯೇ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬಾತ ಮೂತ್ರವನ್ನು ಆವಿಯಾಗಿಸಿ, ಉಳಿದ ಪದಾರ್ಥ ಸಕ್ಕರೆಯೇ ಎಂದು ತೋರಿಸಿದ. ರಕ್ತದಲ್ಲಿಯೂ ಸಿಹಿ ಇದೆ ಎಂದು ಅವನು ಕಂಡುಕೊಂಡ. ರೋಗ ಮೂತ್ರದ್ದಲ್ಲ, ಇಡೀ ದೇಹದ್ದು ಎಂಬ ಅರಿವಿಗೆ ಅದು ಮೊದಲ ಮೆಟ್ಟಿಲಾಯಿತು.

ನೀಲಿಯಿಂದ ಇಟ್ಟಿಗೆ ಕೆಂಪಿಗೆ

20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ತಾಮ್ರದ ಲವಣ ಬೆರೆಸಿದ ನೀಲಿ ದ್ರಾವಣವೊಂದನ್ನು ತಯಾರಿಸಿದ. ಅದಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಿದರೆ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಹೈಸ್ಕೂಲು, ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಈ ಪ್ರಯೋಗ ಮಾಡಿದ ನೆನಪು ಅನೇಕ ಓದುಗರಿಗೆ ಇರಬಹುದು. ದಶಕಗಳ ಕಾಲ ದವಾಖಾನೆಗಳಲ್ಲಿ ಸಕ್ಕರೆ ಪರೀಕ್ಷೆ ಎಂದರೆ ಇದೇ ಆಗಿತ್ತು.

ಆದರೆ ಈ ಪರೀಕ್ಷೆಗೆ ಒಂದು ದೊಡ್ಡ ಕೊರತೆ ಇತ್ತು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುತ್ತವೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹ ಎಂದು ಇಂದು ಪರಿಗಣಿಸುತ್ತಾರೆ. ಅಂದರೆ ಮೂತ್ರದ ಬಣ್ಣ ನೀಲಿಯಾಗಿಯೇ ಉಳಿದಾಗಲೂ ರೋಗ ಒಳಗೊಳಗೇ ತನ್ನ ಕೆಲಸ ಮಾಡುತ್ತಿರಬಹುದು. ಸಕ್ಕರೆ ಅಪಾಯಕರವಾಗಿ ಕಡಿಮೆಯಾದರಂತೂ ಈ ಪರೀಕ್ಷೆ ಏನನ್ನೂ ಹೇಳದು.

ಕಡಿಮೆಯಾಗುವ ಅಪಾಯ ದೊಡ್ಡ ಪ್ರಶ್ನೆಯಾದದ್ದು ಇನ್ಸುಲಿನ್ ಬಂದ ಮೇಲೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಸಾವು ಖಚಿತ ಎಂದುಕೊಂಡಿದ್ದ ಮಕ್ಕಳು ಬದುಕತೊಡಗಿದರು. ಆದರೆ ಪ್ರಮಾಣ ಹೆಚ್ಚಾದರೆ ರೋಗಿ ನಡುಗಿ, ಬೆವರಿ, ಎಚ್ಚರ ತಪ್ಪುತ್ತಾನೆ. ಮದ್ದು ಎಷ್ಟು ಕೊಡಬೇಕೆಂದು ತಿಳಿಯಲು ರಕ್ತದ ಸಕ್ಕರೆಯನ್ನು ಅಂದಂದಿಗೆ, ಆಗಿಂದಾಗ್ಗೆ ಅಳೆಯಲೇಬೇಕಾಯಿತು.

ರೋಗಿಯ ಕೈಗೆ ಬಂದ ಯಂತ್ರ

1960ರ ದಶಕದಲ್ಲಿ ಅಮೆರಿಕದ ಏಮ್ಸ್ ಕಂಪನಿ ‘ಡೆಕ್ಸ್‌ಟ್ರೊಸ್ಟಿಕ್ಸ್’ ಎಂಬ ಕಾಗದದ ಪಟ್ಟಿಯನ್ನು ಹೊರತಂದಿತು. ಅದರ ಮೇಲೆ ದೊಡ್ಡ ರಕ್ತದ ಹನಿ ಬಿಟ್ಟು, ಒಂದು ನಿಮಿಷ ಕಾದು, ನೀರಿನಲ್ಲಿ ತೊಳೆದು, ಬಣ್ಣವನ್ನು ಪಟದೊಂದಿಗೆ ಹೋಲಿಸಬೇಕಿತ್ತು. ಇಲ್ಲಿಯೂ ಕಣ್ಣಂದಾಜೇ. ಅದನ್ನು ತಪ್ಪಿಸಲೆಂದು 1970ರಲ್ಲಿ ಅದೇ ಕಂಪನಿ ಪಟ್ಟಿಯ ಬಣ್ಣವನ್ನು ಬೆಳಕಿನಿಂದ ಅಳೆದು ಮುಳ್ಳಿನ ಮೂಲಕ ಅಂಕಿ ತೋರಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದು ಕಿಲೋಗೂ ಹೆಚ್ಚು ತೂಕದ ಆ ಯಂತ್ರ ವೈದ್ಯರಿಗೆ, ಆಸ್ಪತ್ರೆಗಳಿಗೆ ಮಾತ್ರ. ರೋಗಿಗೆ ಕೊಡುವಂತಿರಲಿಲ್ಲ.

ರಿಚರ್ಡ್ ಬರ್ನ್‌ಸ್ಟೀನ್ ಎಂಬ ಎಂಜಿನಿಯರು ಈ ಕಟ್ಟಳೆಯನ್ನು ದಾಟಿದ ರೀತಿ ಸ್ವಾರಸ್ಯಕರ. ಬಾಲ್ಯದಿಂದಲೇ ಮಧುಮೇಹಿಯಾಗಿದ್ದ ಆತನಿಗೆ ಯಂತ್ರ ಮಾರಲು ಕಂಪನಿ ಒಪ್ಪಲಿಲ್ಲ. ಆತನ ಹೆಂಡತಿ ವೈದ್ಯೆ. ಆಕೆಯ ಹೆಸರಿನಲ್ಲಿ ತರಿಸಿಕೊಂಡ. ದಿನಕ್ಕೆ ಹಲವು ಬಾರಿ ತನ್ನ ರಕ್ತ ತಾನೇ ಪರೀಕ್ಷಿಸಿ, ಯಾವ ಊಟಕ್ಕೆ ಸಕ್ಕರೆ ಎಷ್ಟು ಏರುತ್ತದೆಂದು ಬರೆದಿಟ್ಟ. ಅದಕ್ಕೆ ತಕ್ಕಂತೆ ಆಹಾರ ಮತ್ತು ಇನ್ಸುಲಿನ್ ಹೊಂದಿಸಿಕೊಂಡ. ವೈದ್ಯರು ತನ್ನ ಮಾತಿಗೆ ಕಿವಿಗೊಡದಿದ್ದಾಗ ನಡುವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿ ತಾನೇ ವೈದ್ಯನಾದ. 2025ರಲ್ಲಿ ತೀರಿಕೊಂಡಾಗ ಆತನಿಗೆ 90 ವರ್ಷ. ರೋಗಿಯೇ ತನ್ನ ರೋಗವನ್ನು ಅಳೆಯಬಹುದು ಎಂಬ, ಇಂದು ಸಹಜವೆನಿಸುವ ಮಾತಿಗೆ ಆತನ ಬದುಕೇ ಪುರಾವೆ.

ಅಳೆದರೆ ಉಪಯೋಗವುಂಟೇ ಎಂಬ ಪ್ರಶ್ನೆಗೆ 1993ರಲ್ಲಿ ಖಚಿತ ಉತ್ತರ ಸಿಕ್ಕಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ಇನ್ಸುಲಿನ್ ಅವಲಂಬಿತರಾದ 1,441 ಜನರ ಮೇಲೆ ನಡೆದ ದೀರ್ಘ ಅಧ್ಯಯನವು, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣಿನ ತೊಂದರೆ ತಲೆದೋರುವ ಸಂಭವ ಶೇ 76ರಷ್ಟು ತಗ್ಗುತ್ತದೆ ಎಂದು ತೋರಿಸಿತು. ಮೂತ್ರಪಿಂಡ ಮತ್ತು ನರಗಳಿಗೂ ಅದರಿಂದ ರಕ್ಷಣೆ ದೊರೆಯಿತು. ಆದರೆ ಅದೇ ಬಿಗಿಯಿಂದ ಸಕ್ಕರೆ ತೀರ ಇಳಿಯುವ ಪ್ರಸಂಗಗಳೂ ಹೆಚ್ಚಿದವು ಎಂಬುದನ್ನು ಮರೆಯುವಂತಿಲ್ಲ.

ಅಷ್ಟರಲ್ಲಿ ಯಂತ್ರ ಕುಗ್ಗುತ್ತ ಬಂದಿತ್ತು. 1962ರಲ್ಲಿ ಲೇಲೆಂಡ್ ಕ್ಲಾರ್ಕ್ ಸೂಚಿಸಿದ್ದ ಕಿಣ್ವದ ವಿದ್ಯುದ್ವಾರದ ತತ್ವವನ್ನು ಬಳಸಿ 1987ರಲ್ಲಿ ಪೆನ್ನಿನ ಗಾತ್ರದ ಮೀಟರ್ ಬಂತು. ಪಟ್ಟಿಯ ಮೇಲಿನ ಕಿಣ್ವ ಸಕ್ಕರೆಯೊಂದಿಗೆ ವರ್ತಿಸಿದಾಗ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಅಳೆದರೆ ಸಕ್ಕರೆಯ ಪ್ರಮಾಣ ತಿಳಿಯುತ್ತದೆ. ಬಣ್ಣ ನೋಡುವ ಕೆಲಸ ಅಲ್ಲಿಗೆ ಮುಗಿಯಿತು. 2010ರ ದಶಕದಲ್ಲಿ ಮೀಟರಿಗೆ ಮೊಬೈಲಿನ ನಂಟು ಬೆಳೆಯಿತು. ತೋಳಿಗೆ ಅಂಟಿಸಿಕೊಂಡರೆ ಹಗಲಿರುಳೂ ಅಳೆಯುವ ಬಿಲ್ಲೆಗಳೂ ಬಂದಿವೆ.

ಈ ಕತೆಯಲ್ಲಿ ಕರ್ನಾಟಕದ ಪಾಲೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಮತ್ತು ಅವರ ಸಂಗಡಿಗರು ಕೈಯಲ್ಲಿ ಹಿಡಿಯುವ ಒಂದೇ ಸಾಧನದಲ್ಲಿ ರಕ್ತದ ಸಕ್ಕರೆಯ ಜೊತೆಗೆ ಎಚ್‌ಬಿಎ1ಸಿ, ಹಿಮೊಗ್ಲೋಬಿನ್, ಮೂತ್ರದ ಆಲ್ಬುಮಿನ್ ಮುಂತಾದವನ್ನು ಅಳೆಯುವ ತಂತ್ರವನ್ನು ರೂಪಿಸಿದರು. ಎಚ್‌ಬಿಎ1ಸಿ ಎಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ. ಮೂತ್ರದ ಆಲ್ಬುಮಿನ್ ಮೂತ್ರಪಿಂಡ ಕೆಡುತ್ತಿರುವುದರ ಮೊದಲ ಸುಳಿವು. ದೊಡ್ಡ ಪ್ರಯೋಗಾಲಯವಿಲ್ಲದ ಊರಿಗೆ ಇಂಥ ಸಾಧನದ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

ಅಂಕಿ ಯಾರದು?

ರೋಗದ ವ್ಯಾಪ್ತಿಯೂ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ನಗರಗಳಲ್ಲಿ ವಯಸ್ಕರ ಶೇ 16.4, ಹಳ್ಳಿಗಳಲ್ಲಿ ಶೇ 8.9. ಹಾವೇರಿಯಂಥ ಜಿಲ್ಲೆಗೆ ಈ ಎರಡನೆಯ ಅಂಕಿ ಎಚ್ಚರಿಕೆಯ ಗಂಟೆ. ಹೊಲ, ಮಾರುಕಟ್ಟೆಗಳಲ್ಲಿ ಬರಿಗಾಲಲ್ಲಿ ಓಡಾಡುವವರ ಪಾದದ ನರ ಜಡವಾದರೆ ಮುಳ್ಳು ನೆಟ್ಟದ್ದೂ ತಿಳಿಯುವುದಿಲ್ಲ. ಸಣ್ಣ ಗಾಯ ಕಾಲನ್ನೇ ಕಳೆಯುವವರೆಗೆ ಹೋಗಬಲ್ಲದು.

ಮೊಬೈಲಿಗೆ ಜೋಡಿಸಿದ ಮೀಟರ್ ಇಲ್ಲಿ ಹೊಸದೊಂದು ಅನುಕೂಲ ತಂದಿದೆ. ತಂದೆ ರಾಣೆಬೆನ್ನೂರಿನಲ್ಲಿ, ಮಗ ಬೆಂಗಳೂರಿನಲ್ಲಿ ಇರುವ ಮನೆಗಳು ಎಷ್ಟಿಲ್ಲ? ಮುಂಜಾನೆ ತಂದೆ ಬೆರಳು ಚುಚ್ಚಿಕೊಂಡರೆ ಮಗನ ಮೊಬೈಲಿನಲ್ಲಿ ಅಂಕಿ ಮೂಡುತ್ತದೆ. ಕೂಡಲೇ ಫೋನು: “ಅಪ್ಪಾ, ನಿನ್ನೆ ಸಂಜಿಗೆ ಏನ್ ತಿಂದ್ರಿ?” ಇತ್ತಲಿಂದ ಉತ್ತರ: “ಎರಡ ಮಿರ್ಚಿ ತಿಂದೇನಪಾ. ಅದೂ ಅಲ್ಲೇ ಕಾಣ್ತತೇನು?”

ನಗೆ ತರಿಸುವ ಈ ಮಾತಿನ ಹಿಂದೆ ಗಂಭೀರ ಪ್ರಶ್ನೆಯಿದೆ. ಬರ್ನ್‌ಸ್ಟೀನ್ ಹೋರಾಡಿ ಪಡೆದದ್ದು ತನ್ನ ಅಂಕಿಯನ್ನು ತಾನೇ ಓದುವ ಹಕ್ಕು. ಈಗ ಅಂಕಿ ರೋಗಿಯ ಕೈಗೆ ಬಂದ ಗಳಿಗೆಯಲ್ಲೇ ಮಗನಿಗೆ, ವೈದ್ಯರಿಗೆ, ಆ್ಯಪ್ ನಡೆಸುವ ಕಂಪನಿಗೂ ಹೋಗುತ್ತದೆ. ಮಗನ ಕಾಳಜಿ ಬೇಕಾದದ್ದೇ. ಆದರೆ ಬೈಗುಳಕ್ಕೆ ಅಂಜಿ ತಂದೆ ಮೀಟರನ್ನೇ ಮೂಲೆಗಿಟ್ಟರೆ ಲಾಭವೇನು? ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಕಾನೂನು ಬಂದಿದೆ. ಆದರೂ ಆ್ಯಪ್ ಕೇಳುವ ಒಪ್ಪಿಗೆಗೆ ‘ಹೂಂ’ ಒತ್ತುವ ಮೊದಲು ಅದೇನೆಂದು ತಂದೆಗೆ ಓದಿ ಹೇಳುವುದು ಮನೆಯವರ ಕೆಲಸ.

ಖರ್ಚಿನ ಮಾತೂ ಇದೆ. ಮೀಟರ್ ಒಮ್ಮೆ ಕೊಂಡರಾಯಿತು, ಪಟ್ಟಿಯನ್ನು ಮತ್ತೆ ಮತ್ತೆ ಕೊಳ್ಳಬೇಕು. ಕೂಲಿಯ ಮನೆಯಲ್ಲಿ ಅದು ದಿನಸಿಯೊಂದಿಗೆ ಪೈಪೋಟಿಗಿಳಿಯುತ್ತದೆ. ಎಷ್ಟು ಸಲ ಪರೀಕ್ಷಿಸಬೇಕೆಂಬುದು ಎಲ್ಲರಿಗೂ ಒಂದೇ ಅಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೆಚ್ಚು, ಮಾತ್ರೆಯಲ್ಲಿರುವ ಹಲವರಿಗೆ ಕಡಿಮೆ ಸಾಕು. ಇದನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು. ಬೆರಳಿಗೆ ಹಣ್ಣಿನ ರಸ, ಬೆಲ್ಲ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಕೈ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಬಿಸಿಲು, ತೇವ ತಗುಲಿದ ಪಟ್ಟಿಯೂ ನಂಬಿಕೆಗೆ ಅರ್ಹವಲ್ಲ. ಅಂಕಿ 70ಕ್ಕಿಂತ ಕೆಳಗಿಳಿದರೆ ಆ್ಯಪ್ ನೋಡುತ್ತ ಕೂರದೆ, ಎಚ್ಚರವಿರುವ ರೋಗಿಗೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು.

ಇರುವೆ, ನಾಲಿಗೆ, ನೀಲಿ ದ್ರಾವಣ, ಕಾಗದದ ಪಟ್ಟಿ, ಮೀಟರ್, ಮೊಬೈಲು - ಒಂದೊಂದು ಮೆಟ್ಟಿಲಿನಲ್ಲೂ ಅಳತೆ ಹೆಚ್ಚು ನಿಖರವಾಯಿತು. ಅಳೆದ ಮೇಲೆ ಮಾಡಬೇಕಾದದ್ದು ಮಾತ್ರ ಬಹಳ ಬದಲಾಗಿಲ್ಲ: ತಿನ್ನುವುದರಲ್ಲಿ ಹಿತಮಿತ, ಮೈತುಂಬ ನಡಿಗೆ, ವೇಳೆಗೆ ಸರಿಯಾಗಿ ಔಷಧ. ಬ್ಯಾಡಗಿಯ ಕಾಯಿಯ ಬಣ್ಣವನ್ನು ಯಂತ್ರ ಎಷ್ಟೇ ಸರಿಯಾಗಿ ಅಳೆಯಲಿ, ಬಣ್ಣ ಬರುವುದು ಹೊಲದಲ್ಲಿ. ಸಕ್ಕರೆಯ ಅಂಕಿಯೂ ಹಾಗೆಯೇ. ಅದು ಮೂಡುವುದು ಮೊಬೈಲಿನಲ್ಲಿ, ಇಳಿಯುವುದು ಅಡಿಗೆಮನೆಯಲ್ಲಿ, ನಡೆಯುವ ದಾರಿಯಲ್ಲಿ.